ಆಳ ನೀರು ದಾಟಿದ ಮೇಲೆ ಎಂಜಿನ್ ಮಿಸ್ಸಿಂಗ್: ಕಾರಣ ಹುಡುಕುವ ಸರಿಯಾದ ಕ್ರಮ

ನೀರು ನಿಂತ ರಸ್ತೆ ದಾಟಿದ ಮೇಲೆ ಎಂಜಿನ್ ಮಿಸ್ಸಿಂಗ್ (ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಉರಿಯದೆ ಎಂಜಿನ್ ತಡವರಿಸುವುದು) ಶುರುವಾದರೆ ಬಹಳ ಜನ ಮಾಡುವುದು ಒಂದೇ. ಬಾನೆಟ್ ಎತ್ತುತ್ತಾರೆ, ಕೈಗೆ ಸಿಕ್ಕ ವೈರ್‌ಗಳನ್ನೆಲ್ಲ ಒರೆಸುತ್ತಾರೆ, ಮತ್ತೆ ಮತ್ತೆ ಸೆಲ್ಫ್ ಹೊಡೆಯುತ್ತಾರೆ. ಸರಿಹೋಗಲಿಲ್ಲ ಅಂದರೆ ಪ್ಲಗ್ ಬದಲಿಸುತ್ತಾರೆ. ಆಮೇಲೆ ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್, ಅದಾದ ಮೇಲೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್. ಇಷ್ಟೆಲ್ಲ ಆದರೂ ಮಿಸ್ಸಿಂಗ್ ಹಾಗೇ ಇರುತ್ತದೆ. ಇವರಿಗೆ ಬಿಡಿಭಾಗಗಳು ಗೊತ್ತಿರುತ್ತವೆ, ಹುಡುಕುವ ಕ್ರಮ ಮಾತ್ರ ತಪ್ಪಿರುತ್ತದೆ.

ಕ್ರಮ ಹೀಗಿದೆ. ಮೊದಲು ಸಿಲಿಂಡರ್ ಒಳಗೆ ನೀರಿಲ್ಲ ಅನ್ನುವುದನ್ನು ಖಚಿತ ಮಾಡಿಕೊಳ್ಳಬೇಕು. ಆಮೇಲೆ ಕಾರಿನ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಕೋಡ್ ಓದಬೇಕು. ಅಲ್ಲಿಂದ ಸ್ಪಾರ್ಕ್, ವೈರಿಂಗ್, ಗಾಳಿ, ಇಂಧನ, ಕೊನೆಗೆ ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಒತ್ತಿದಾಗ ಬರುವ ಒತ್ತಡ). ಮೊದಲನೆಯದನ್ನು ಹಾರಿಸಿ ಮುಂದಕ್ಕೆ ಹೋದರೆ, ಒಂದು ಕಾಯಿಲ್‌ನಲ್ಲಿ ಮುಗಿಯಬೇಕಿದ್ದ ಕೆಲಸ ಎಂಜಿನ್ ಬಿಚ್ಚುವಲ್ಲಿಗೆ ಬಂದು ನಿಲ್ಲಬಹುದು.

ಇಲ್ಲಿ ಹೇಳಿರುವುದು ಹೆಚ್ಚಾಗಿ ಪೆಟ್ರೋಲ್ ಕಾರಿನ ಬಗ್ಗೆ. ಡೀಸೆಲ್ ಬೇರೆಯಾಗುವ ಕಡೆ ಅದನ್ನೂ ಹೇಳಿದ್ದೇನೆ. ಹೈಬ್ರಿಡ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲ್ ಇರುವ ಯಾವುದನ್ನೂ ಮುಟ್ಟಬೇಡಿ. ನೀರು ಅಲ್ಲಿವರೆಗೆ ಬಂದಿದ್ದರೆ ಅದು ಮನೆಯಲ್ಲಿ ಮಾಡುವ ಕೆಲಸವೇ ಅಲ್ಲ.

## ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಸ್ಪಾರ್ಕ್ ಪ್ಲಗ್ ಸಾಕೆಟ್ ಮತ್ತು ಉದ್ದದ ಎಕ್ಸ್‌ಟೆನ್ಶನ್, ಟಾರ್ಕ್ ರೆಂಚ್, ಮಲ್ಟಿಮೀಟರ್, ದೋಷದ ಕೋಡ್ ಓದುವ ಒಂದು ಒಬಿಡಿ ಸ್ಕ್ಯಾನರ್, ಒಳ್ಳೆಯ ಟಾರ್ಚ್. ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಒಂದು, ಒಳಬರುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್‌ಗಾಗಿಯೇ ಬರುವ ಕ್ಲೀನರ್ ಇನ್ನೊಂದು. ಎರಡೂ ಬೇರೆ ಬೇರೆ, ಒಂದರ ಬದಲು ಇನ್ನೊಂದು ಬಳಸಬೇಡಿ. ಡೈಎಲೆಕ್ಟ್ರಿಕ್ ಗ್ರೀಸ್ (ವಿದ್ಯುತ್ ಹರಿಯಲು ಬಿಡದ ಗ್ರೀಸ್), ನೂಲು ಬಿಡದ ಬಟ್ಟೆ, ಒಂದು ಪಾರದರ್ಶಕ ಬಾಟಲಿ ಇರಲಿ.

ಗಾಳಿ ಊದಲು ಕಂಪ್ರೆಸರ್ ಇದ್ದರೆ ಕೆಲಸ ಬೇಗ ಆಗುತ್ತದೆ. ಇಲ್ಲದಿದ್ದರೆ ಕ್ಯಾನ್‌ನಲ್ಲಿ ಬರುವ ಗಾಳಿಯೂ ನಡೆಯುತ್ತದೆ. ಕಂಪ್ರೆಷನ್ ಗೇಜ್ ಕೊನೆಯ ಹಂತಕ್ಕೆ ಬೇಕು, ಅದನ್ನು ಎರವಲು ತಂದರೂ ಸಾಕು.

## ಹಂತ 1: ಸೆಲ್ಫ್ ಹೊಡೆಯುವ ಮುಂಚೆ ನೀರು ಒಳಗೆ ಹೋಗಿದೆಯಾ ನೋಡಿ

ನೀರಿನಲ್ಲೇ ಎಂಜಿನ್ ನಿಂತುಹೋಗಿದ್ದರೆ, ಸಿಲಿಂಡರ್‌ಗೆ ನೀರು ಹೋಗಿದೆ ಅಂತಲೇ ಇಟ್ಟುಕೊಂಡು ಶುರುಮಾಡಿ. ಹೋಗಿಲ್ಲ ಅಂತ ಕಣ್ಣಿಗೆ ಕಾಣುವವರೆಗೆ ಕೀ ತಿರುಗಿಸಬೇಡಿ. ಗೇರಿಗೆ ಹಾಕಿ ತಳ್ಳಿ ಸ್ಟಾರ್ಟ್ ಮಾಡುವುದಂತೂ ಬೇಡವೇ ಬೇಡ.

ಕಾರಣ ಸರಳ. ಪೆಟ್ರೋಲ್ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ಗಾಳಿಯನ್ನು ಸುಮಾರು ಹತ್ತರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತುತ್ತದೆ. ನೀರು ಹಾಗೆ ಒತ್ತಿಸಿಕೊಳ್ಳುವುದಿಲ್ಲ. ಮೇಲೆ ಉಳಿಯುವ ಆ ಚಿಕ್ಕ ಜಾಗಕ್ಕಿಂತ ಜಾಸ್ತಿ ನೀರಿದ್ದರೆ ಪಿಸ್ಟನ್ ಅಲ್ಲೇ ಗಕ್ಕನೆ ನಿಲ್ಲುತ್ತದೆ, ಆ ಬಲಕ್ಕೆಲ್ಲ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದನ್ನೇ ಹೈಡ್ರೋಲಾಕ್ ಅನ್ನುತ್ತಾರೆ. ಓಡುತ್ತಿರುವ ಎಂಜಿನ್‌ನಲ್ಲಿ ಪೆಟ್ಟು ಜೋರು. ಆದರೆ ಬಿಡದೆ ಸೆಲ್ಫ್ ಹೊಡೆದರೆ ಸ್ಟಾರ್ಟರ್ ಮೋಟಾರ್ ಬಲಕ್ಕೂ ರಾಡ್ ಬಾಗಬಹುದು.

ಏರ್ ಫಿಲ್ಟರ್ ಬಾಕ್ಸ್ ತೆಗೆಯಿರಿ. ಫಿಲ್ಟರ್‌ನ ಕೆಳಭಾಗ ಮಾತ್ರ ಒದ್ದೆಯಾಗಿದೆ, ಫಿಲ್ಟರ್ ದಾಟಿದ ಮೇಲಿನ ಪೈಪ್ ಒಳಗೆ ಪೂರ್ತಿ ಒಣಗಿದೆ ಅಂದರೆ ನೆಮ್ಮದಿಯ ಸೂಚನೆ. ಪೇಪರ್ ಪೂರ್ತಿ ನೆನೆದಿದ್ದರೆ, ಇಲ್ಲವೇ ಥ್ರಾಟಲ್ ಕಡೆಗೆ ಹೋಗುವ ಪೈಪ್‌ನಲ್ಲಿ ಹನಿ, ಕೆಸರಿನ ಗೆರೆ, ಕಸ ಕಂಡರೆ ನೀರು ಒಳಗೆ ಹೋಗಿದೆ. ಪೈಪ್ ಒಳಗೆ ಬೆರಳು ಹಾಕಿ ತಳ ಸವರಿ ನೋಡಿ. ಬರೀ ಕಣ್ಣಿಗೆ ಇದು ತಪ್ಪಿಹೋಗುತ್ತದೆ.

ಡಿಪ್‌ಸ್ಟಿಕ್ ನೋಡಿ. ಆಯಿಲ್ ತಿಳಿ ಕಂದು ಬಣ್ಣಕ್ಕೆ ತಿರುಗಿ ನೊರೆನೊರೆಯಾಗಿದ್ದರೆ, ಅಥವಾ ಮಟ್ಟ ಇದ್ದಕ್ಕಿದ್ದಂತೆ ಏರಿದ್ದರೆ ನೀರು ಸೇರಿದೆ. ಇಲ್ಲಿ ಎರಡು ಕಡೆ ಜನ ಮೋಸ ಹೋಗುತ್ತಾರೆ. ಎಂಜಿನ್ ತಿರುಗದೆ ನಿಂತಿದ್ದರೆ ನೀರು ಆಯಿಲ್ ಜೊತೆ ಬೆರೆಯದೆ ಸಂಪ್‌ನ (ಆಯಿಲ್ ನಿಲ್ಲುವ ಕೆಳಗಿನ ತೊಟ್ಟಿಯ) ತಳಕ್ಕೆ ಇಳಿದಿರುತ್ತದೆ, ಆಗ ಡಿಪ್‌ಸ್ಟಿಕ್ ಸ್ವಚ್ಛವಾಗಿಯೇ ಕಾಣುತ್ತದೆ. ಅನುಮಾನ ಇದ್ದರೆ ಕೆಳಗೆ ಪಾತ್ರೆ ಇಟ್ಟು ಡ್ರೈನ್ ಬೋಲ್ಟ್ ನಿಧಾನವಾಗಿ ಸಡಿಲಿಸಿ. ನೀರಿದ್ದರೆ ಅದೇ ಮೊದಲು ಬರುತ್ತದೆ. ಇನ್ನೊಂದು ಕಡೆ, ಆಯಿಲ್ ಮುಚ್ಚಳದ ಒಳಗೆ ಮಾತ್ರ ತೆಳು ಬಿಳಿ ಲೇಪ ಕಂಡು ಗಾಬರಿಯಾಗುವವರಿದ್ದಾರೆ. ದಿನಾ ಚಿಕ್ಕ ದೂರ ಓಡಿಸುವ ಕಾರಿನಲ್ಲಿ ತೇವಾಂಶದಿಂದ ಹಾಗಾಗುವುದು ಸಾಮಾನ್ಯ. ಡಿಪ್‌ಸ್ಟಿಕ್ ಆಯಿಲ್ ಚೆನ್ನಾಗಿದ್ದರೆ ಆ ಲೇಪ ಒಂದನ್ನೇ ಹಿಡಿದುಕೊಂಡು ನಿರ್ಧಾರಕ್ಕೆ ಬರಬೇಡಿ.

ಟರ್ಬೊ ಇದ್ದರೆ ಅದರ ಗಾಳಿ ತಣಿಸುವ ಇಂಟರ್‌ಕೂಲರ್ ಮರೆಯಬೇಡಿ. ಗಾಳಿ ಹೋಗುವ ದಾರಿಯಲ್ಲಿ ಅದು ಹೆಚ್ಚಾಗಿ ತಗ್ಗಿನಲ್ಲಿರುತ್ತದೆ. ಒಳಗೆ ನುಗ್ಗಿದ ನೀರು ಅಲ್ಲಿ ನಿಲ್ಲುತ್ತದೆ. ಐಡ್ಲಿಂಗ್‌ನಲ್ಲಿ ಎಂಜಿನ್ ಚೆನ್ನಾಗಿಯೇ ಓಡಿ, ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಅಲ್ಲಿದ್ದ ನೀರು ಒಟ್ಟಿಗೆ ಎಂಜಿನ್‌ಗೆ ನುಗ್ಗಬಹುದು. ಕೆಳಗಿನ ಹೋಸ್ ಬಿಚ್ಚಿ ಸುರಿಸಿಬಿಡಿ. ನೀರು ದಾಟಿ ಬಂದು, ಎಲ್ಲ ಸರಿಯಿದೆ ಅಂದುಕೊಂಡು ಹೋಗುವಾಗ ಹೈವೇಯಲ್ಲಿ ಎಂಜಿನ್ ಕೆಡುವುದಕ್ಕೆ ಇದೂ ಒಂದು ಕಾರಣ.

ನೀರು ಹೋಗಿದೆ ಅನ್ನಿಸಿದರೆ ಹೀಗೆ ಮಾಡಿ. ಫ್ಯೂಯಲ್ ಪಂಪ್ ಫ್ಯೂಸ್ ತೆಗೆಯಿರಿ, ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್‌ಗಳನ್ನು ಬಿಚ್ಚಿಡಿ. ಪ್ಲಗ್‌ಗಳನ್ನೆಲ್ಲ ಹೊರತೆಗೆಯಿರಿ. ಮೊದಲು ಕ್ರ್ಯಾಂಕ್ ಪುಲ್ಲಿ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ, ಎಂಜಿನ್ ಸಹಜವಾಗಿ ತಿರುಗುವ ದಿಕ್ಕಿನಲ್ಲೇ, ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲೂ ತಡೆಯದಿದ್ದರೆ ಪ್ಲಗ್ ರಂಧ್ರಗಳ ಮೇಲೆ ಬಟ್ಟೆ ಹಾಸಿ, ದೂರ ನಿಂತು, ಕೆಲವು ಸೆಕೆಂಡು ಮಾತ್ರ ಸೆಲ್ಫ್ ಹೊಡೆಯಿರಿ. ನೀರು ಚಿಮ್ಮಿ ಬರುತ್ತದೆ. ಬರುವುದು ನಿಂತ ಮೇಲೆ ಪ್ರತಿ ಸಿಲಿಂಡರ್‌ಗೂ ಸ್ವಲ್ಪ ಎಂಜಿನ್ ಆಯಿಲ್ ಹಾಕಿ ಮತ್ತೆ ತಿರುಗಿಸಿ. ಸಿಲಿಂಡರ್ ಗೋಡೆಗೆ ತುಕ್ಕು ಬಹಳ ಬೇಗ ಹಿಡಿಯುತ್ತದೆ. ಆದ್ದರಿಂದ ಈ ಕೆಲಸವನ್ನು ನಾಳೆಗೆ ಬಿಡಬೇಡಿ. ಆಯಿಲ್, ಆಯಿಲ್ ಫಿಲ್ಟರ್ ಎರಡನ್ನೂ ಬದಲಿಸಿ. ಆಯಿಲ್‌ನಲ್ಲಿ ನೀರು ಕಂಡಿದ್ದರೆ ಸ್ವಲ್ಪ ಓಡಿಸಿದ ಮೇಲೆ ಇನ್ನೊಮ್ಮೆ ಬದಲಿಸಬೇಕು.

ಡೀಸೆಲ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಗ್ಲೋ ಪ್ಲಗ್ (ಸ್ಟಾರ್ಟ್ ಆಗಲು ಸಿಲಿಂಡರ್ ಬಿಸಿಮಾಡುವ ಪ್ಲಗ್) ಅಥವಾ ಇಂಜೆಕ್ಟರ್ ತೆಗೆದು ಇದೇ ಕೆಲಸ ಮಾಡಬೇಕು. ಡೀಸೆಲ್ ಎಂಜಿನ್‌ನ ಕಂಪ್ರೆಷನ್ ಇನ್ನೂ ಜಾಸ್ತಿ, ಉಳಿಯುವ ಜಾಗ ಇನ್ನೂ ಕಡಿಮೆ. ಹಾಗಾಗಿ ಇನ್ನೂ ಕಡಿಮೆ ನೀರಿಗೇ ರಾಡ್ ಬಾಗುತ್ತದೆ. ಹಳೆಯ ಗ್ಲೋ ಪ್ಲಗ್ ತೆಗೆಯುವಾಗ ಮುರಿಯುವ ಸಂಭವವೂ ಇರುತ್ತದೆ, ಬಲವಂತ ಮಾಡಬೇಡಿ.

## ಹಂತ 2: ಯಾವಾಗ ಶುರುವಾಯಿತು, ಯಾವ ಕೋಡ್ ಬಂದಿದೆ

ಸ್ಪ್ಯಾನರ್ ಹಿಡಿಯುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಮಿಸ್ಸಿಂಗ್ ಯಾವಾಗ ಶುರುವಾಯಿತು? ನನ್ನ ಮಟ್ಟಿಗೆ ಅರ್ಧ ಉತ್ತರ ಇಲ್ಲೇ ಇರುತ್ತದೆ.

ನೀರಿನಲ್ಲೇ, ಅಥವಾ ದಾಟಿದ ಕೆಲವೇ ನಿಮಿಷಕ್ಕೆ ಬಂದಿದ್ದರೆ ಸ್ಪಾರ್ಕ್ ನೀರಿನ ಮೂಲಕ ಸೋರುತ್ತಿದೆ. ಎಂಜಿನ್ ಬಿಸಿಯಾದಂತೆ ಕಡಿಮೆಯಾಗಿ, ಮರುದಿನ ಬೆಳಗ್ಗೆ ಮತ್ತೆ ಬಂದರೆ ಪ್ಲಗ್ ಗುಂಡಿಯಲ್ಲಿ (ಪ್ಲಗ್ ಕೂರುವ ಆಳದ ಕುಳಿಯಲ್ಲಿ) ನೀರು ಉಳಿದಿದೆ. ಒಂದೆರಡು ವಾರ ಬಿಟ್ಟು ಆಗೊಮ್ಮೆ ಈಗೊಮ್ಮೆ ಬರುತ್ತಿದ್ದರೆ ಕನೆಕ್ಟರ್ ಒಳಗೆ ಕಿಲುಬು ಹಿಡಿಯುತ್ತಿದೆ. ನೀರು ದಾಟಿದ ಗಳಿಗೆಯಿಂದಲೂ ಒಂದೇ ಸಿಲಿಂಡರ್, ಒಣಗಿದರೂ ಬಿಸಿಯಾದರೂ ಸ್ವಲ್ಪವೂ ಬದಲಾಗದೆ ಮಿಸ್ ಆಗುತ್ತಿದೆ ಅಂದರೆ ರಾಡ್ ಬಾಗಿರುವ ಅನುಮಾನ ಮುಂದೆ ಬರುತ್ತದೆ. ಆಗ ಹಂತ 3 ಮುಗಿಸಿ ನೇರ ಹಂತ 7ಕ್ಕೆ ಹೋಗಿ.

ಇನ್ನು ಕೋಡ್. ಸ್ಕ್ಯಾನರ್ ಸಿಕ್ಕಿಸುವ 16 ಪಿನ್‌ನ ಸಾಕೆಟ್ ಸಾಮಾನ್ಯವಾಗಿ ಡ್ರೈವರ್ ಕಡೆಯ ಡ್ಯಾಶ್‌ಬೋರ್ಡ್ ಕೆಳಗಿರುತ್ತದೆ. ಬಂದ ಕೋಡ್‌ಗಳನ್ನೂ, ಅದರ ಜೊತೆ ಬರುವ ಫ್ರೀಜ್ ಫ್ರೇಮ್ ವಿವರವನ್ನೂ ಬರೆದುಕೊಳ್ಳಿ. ಕೋಡ್ ಬಂದಾಗ ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ವೇಗದಲ್ಲಿ ತಿರುಗುತ್ತಿತ್ತು ಅನ್ನುವುದು ಅದರಲ್ಲಿರುತ್ತದೆ. ಬರೆದುಕೊಳ್ಳದೆ ಅಳಿಸುವುದು, ಸುಮ್ನೆ ಬ್ಯಾಟರಿ ಟರ್ಮಿನಲ್ ಕಿತ್ತು ಹಾಕುವುದು ದೊಡ್ಡ ತಪ್ಪು. ಬಹಳ ಕಾರುಗಳಲ್ಲಿ ಬ್ಯಾಟರಿ ತೆಗೆದರೆ ಈ ಮಾಹಿತಿಯೂ ಹೋಗುತ್ತದೆ. ಇದಕ್ಕೆ ಒಂದೇ ವಿನಾಯಿತಿ: ಕ್ಯಾಬಿನ್ ಒಳಗೆ ನೀರು ಬಂದು ಕಾರ್ಪೆಟ್ ತೊಯ್ದಿದ್ದರೆ, ಅಥವಾ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇರುವ ಜಾಗಕ್ಕೆ ನೀರು ತಾಗಿದ್ದರೆ ಕೋಡ್ ಆಸೆ ಬಿಟ್ಟು ಮೊದಲು ಬ್ಯಾಟರಿ ನೆಗೆಟಿವ್ ತೆಗೆಯಿರಿ.

ಪಿ0301ರಿಂದ ಪಿ0304ರವರೆಗಿನ ಕೋಡ್‌ನ ಕೊನೆಯ ಅಂಕಿ ಸಿಲಿಂಡರ್ ಸಂಖ್ಯೆ. ಒಂದೇ ಸಿಲಿಂಡರ್ ಕೋಡ್ ಬಂದಿದ್ದರೆ ಹೆಚ್ಚಾಗಿ ಆ ಸಿಲಿಂಡರ್‌ನ ಪ್ಲಗ್, ಕಾಯಿಲ್, ಇಂಜೆಕ್ಟರ್, ಅವುಗಳ ವೈರಿಂಗ್, ಕಂಪ್ರೆಷನ್ ಇಷ್ಟರಲ್ಲೇ ಕಾರಣ ಇರುತ್ತದೆ. ಪಿ0300 ಅಂದರೆ ಮಿಸ್ಸಿಂಗ್ ಒಂದು ಸಿಲಿಂಡರ್‌ಗೆ ನಿಲ್ಲದೆ ಅಲ್ಲಿ ಇಲ್ಲಿ ಆಗುತ್ತಿದೆ. ಆಗ ಎಲ್ಲ ಸಿಲಿಂಡರ್‌ಗೂ ಸೇರಿದ ವಸ್ತುವನ್ನು ಹುಡುಕಬೇಕು: ಅರ್ಥಿಂಗ್ (ಎಂಜಿನ್ ಮತ್ತು ಬ್ಯಾಟರಿ ನೆಗೆಟಿವ್ ನಡುವಿನ ಸಂಪರ್ಕ), ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಗುರುತಿಸುವ ಸೆನ್ಸರ್), ಏರ್‌ಫ್ಲೋ ಸೆನ್ಸರ್, ಇಂಧನ. ಪಿ0351ರಿಂದ ಶುರುವಾಗುವ ಸಾಲು ಕಾಯಿಲ್ ವೈರಿಂಗ್‌ಗೆ, ಪಿ0201ರಿಂದ ಶುರುವಾಗುವುದು ಇಂಜೆಕ್ಟರ್ ವೈರಿಂಗ್‌ಗೆ ಸೇರಿದ್ದು. ಪಿ0335 ಕ್ರ್ಯಾಂಕ್ ಸೆನ್ಸರ್, ಪಿ0340 ಕ್ಯಾಮ್ ಸೆನ್ಸರ್.

1 ಮತ್ತು 4, ಅಥವಾ 2 ಮತ್ತು 3 ಜೋಡಿಯಾಗಿ ಬಂದಿವೆಯಾ? ಎರಡು ಸಿಲಿಂಡರ್‌ಗೆ ಒಂದೇ ಕಾಯಿಲ್ ಇರುವ ನಾಲ್ಕು ಸಿಲಿಂಡರ್ ಕಾರುಗಳಲ್ಲಿ ಜೋಡಿ ಹಾಗೇ ಇರುತ್ತದೆ. ಆಗ ಎರಡು ಪ್ಲಗ್ ಒಟ್ಟಿಗೆ ಕೆಟ್ಟಿವೆ ಅಂದುಕೊಳ್ಳುವುದಕ್ಕಿಂತ ಒಂದು ಕಾಯಿಲ್ ಮೇಲೆ ಕಣ್ಣಿಡುವುದು ಸರಿ.

ಎಚ್ಚರಿಕೆ: ಚೆಕ್ ಎಂಜಿನ್ ಲೈಟ್ ಸುಮ್ನೆ ಉರಿಯುತ್ತಿದ್ದರೆ ನಿಧಾನವಾಗಿ ಮನೆ ಸೇರಬಹುದು. ಮಿನುಗುತ್ತಿದ್ದರೆ ಪಕ್ಕಕ್ಕೆ ಹಾಕಿ ನಿಲ್ಲಿಸಿ. ಸುಡದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಅಲ್ಲಿ ಉರಿಯುತ್ತಿದೆ, ಅದು ಒಳಗಿನಿಂದ ಕರಗಬಹುದು ಅನ್ನುವುದು ಆ ಮಿನುಗಿನ ಅರ್ಥ. "ಓಡಿಸುತ್ತಾ ಓಡಿಸುತ್ತಾ ಒಣಗುತ್ತೆ" ಅನ್ನುವ ಸಲಹೆ ಕೇಳಿ ಕಾಯಿಲ್ ಜೊತೆಗೆ ಕನ್ವರ್ಟರ್ ಅನ್ನೂ ಕಳೆದುಕೊಳ್ಳಬೇಡಿ.

## ಹಂತ 3: ಪ್ಲಗ್ ಗುಂಡಿ, ಕಾಯಿಲ್, ಬೂಟ್

ಮೊದಲ ಹಂತ ಸರಿಯಿದ್ದರೆ ನಿಮ್ಮ ಕಾರಣ ಇಲ್ಲಿ ಸಿಗುವ ಸಾಧ್ಯತೆಯೇ ಜಾಸ್ತಿ. ಅದಕ್ಕೇ ಇಲ್ಲಿ ಆತುರ ಬೇಡ.

ಎಂಜಿನ್ ಆರಲಿ. ಬಿಸಿಯಿದ್ದಾಗ ಅಲ್ಯೂಮಿನಿಯಂ ಹೆಡ್‌ನಿಂದ ಪ್ಲಗ್ ಬಿಚ್ಚಿದರೆ ಥ್ರೆಡ್ ಕಿತ್ತುಬರಬಹುದು. ಎಂಜಿನ್ ಓಡುತ್ತಿರುವಾಗ ಕಾಯಿಲ್ ಎಳೆದು ನೋಡುವ ಅಭ್ಯಾಸ ಇದ್ದರೆ ಈಗಲೇ ಬಿಡಿ. ಅಲ್ಲಿರುವುದು ಹತ್ತಾರು ಸಾವಿರ ವೋಲ್ಟ್, ಅದೂ ಒದ್ದೆ ಎಂಜಿನ್ ಮೇಲೆ.

1. ಕಾಯಿಲ್‌ಗಳಿಗೆ ಸಿಲಿಂಡರ್ ಸಂಖ್ಯೆ ಬರೆದು ಗುರುತು ಮಾಡಿ. ಕನೆಕ್ಟರ್ ಲಾಕ್ ಬಿಡಿಸಿ, ಬೋಲ್ಟ್ ತೆಗೆದು, ಸ್ವಲ್ಪ ತಿರುಗಿಸುತ್ತಾ ನೇರ ಮೇಲಕ್ಕೆ ಎಳೆಯಿರಿ.

2. ಟಾರ್ಚ್ ಹಾಕಿ ಗುಂಡಿಯ ತಳ ನೋಡಿ. ನೀರು ನಿಂತಿದ್ದರೆ, ಪ್ಲಗ್ ಬಿಚ್ಚುವ ಮುಂಚೆಯೇ ಅದನ್ನು ಬಟ್ಟೆಯಿಂದ ಹೀರಿಸಿ, ಗಾಳಿ ಊದಿ, ಪೂರ್ತಿ ಒಣಗಿಸಿ. ಇದನ್ನು ಮರೆತು ಪ್ಲಗ್ ತೆಗೆದರೆ ಆ ನೀರು, ಮರಳು, ಕೆಸರು ಎಲ್ಲ ನೇರ ಸಿಲಿಂಡರ್‌ಗೆ ಬೀಳುತ್ತವೆ. ಊದುವಾಗ ಕನ್ನಡಕ ಹಾಕಿಕೊಳ್ಳಿ.

3. ಗುಂಡಿಯಲ್ಲಿ ಇರುವುದು ನೀರೋ ಆಯಿಲ್ಲೋ ಮೂಸಿ, ಮುಟ್ಟಿ ನೋಡಿ. ಆಯಿಲ್ ಆದರೆ ವಾಲ್ವ್ ಕವರ್ ಸೀಲ್ ಸೋರುತ್ತಿದೆ. ಅದು ನೀರಿಗಿಂತ ಹಳೆಯ ತೊಂದರೆ, ಸೀಲ್ ಬದಲಿಸದೆ ಮುಂದೆ ಹೋಗುವುದರಲ್ಲಿ ಅರ್ಥವಿಲ್ಲ.

4. ಈಗ ಪ್ಲಗ್ ತೆಗೆಯಿರಿ. ಪೆಟ್ರೋಲ್‌ನಲ್ಲಿ ಒದ್ದೆಯಾಗಿದ್ದರೆ ಆ ಸಿಲಿಂಡರ್‌ನಲ್ಲಿ ಸ್ಪಾರ್ಕ್ ಬರುತ್ತಿಲ್ಲ. ಒಣಗಿ ಬೆಳ್ಳಗಿದ್ದು ಮಿಸ್ ಆಗುತ್ತಿದ್ದರೆ ಪೆಟ್ರೋಲ್ ಬರುತ್ತಿಲ್ಲದಿರಬಹುದು. ನೀರಿನ ಹನಿ ಇದ್ದರೆ ಹಂತ 1ಕ್ಕೆ ವಾಪಸ್.

5. ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೆ, ಬೂಟ್‌ನ (ಕಾಯಿಲ್ ಅನ್ನು ಪ್ಲಗ್‌ಗೆ ಸೇರಿಸುವ ರಬ್ಬರ್ ಕೊಳವೆಯ) ಒಳಗೋಡೆಯಲ್ಲಿ, ಮೇಲಿನಿಂದ ಕೆಳಗೆ ಹೋಗುವ ಕೂದಲೆಳೆಯಷ್ಟು ಕಪ್ಪು ಗೆರೆ ಇದೆಯಾ ಹುಡುಕಿ. ಅದನ್ನು ಕಾರ್ಬನ್ ಟ್ರ್ಯಾಕ್ ಅನ್ನುತ್ತಾರೆ.

ಈ ಕಪ್ಪು ಗೆರೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಬಹಳ ಜನ ಎಡವುವುದು ಇಲ್ಲೇ. ಸ್ಪಾರ್ಕ್ ಪ್ಲಗ್‌ನ ತುದಿಗೆ ಹೋಗುವ ಬದಲು ಒದ್ದೆ ಮೇಲ್ಮೈ ಮೇಲೆ ಹರಿದು ಹೆಡ್‌ಗೆ ಹಾರುತ್ತದೆ. ಹಾರುವಾಗ ರಬ್ಬರ್ ಮತ್ತು ಕೊಳೆಯನ್ನು ಸುಟ್ಟು ಇಂಗಾಲದ ದಾರಿ ಮಾಡುತ್ತದೆ. ಇಂಗಾಲ ವಿದ್ಯುತ್ ಹರಿಯಲು ಬಿಡುತ್ತದೆ. ಆಮೇಲೆ ಎಲ್ಲ ಪೂರ್ತಿ ಒಣಗಿದರೂ ಸ್ಪಾರ್ಕ್‌ಗೆ ಆ ಸುಲಭದ ದಾರಿ ಇದ್ದೇ ಇರುತ್ತದೆ. "ಒಣಗಿಸಿದೆ, ಎರಡು ದಿನ ಸರಿ ಇತ್ತು, ಮತ್ತೆ ಶುರುವಾಯಿತು" ಅನ್ನುವ ದೂರಿನ ಹಿಂದೆ ಹೆಚ್ಚಾಗಿ ಇದೇ ಗೆರೆ ಇರುತ್ತದೆ. ಗೆರೆ ಕಂಡ ಪ್ಲಗ್ ಮತ್ತು ಬೂಟ್ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದನ್ನೇ ಬದಲಿಸಿದರೆ ಹಳೆಯದರ ಮೇಲಿನ ಗೆರೆ ಹೊಸದರ ಮೇಲೂ ಗೆರೆ ಎಳೆಯುತ್ತದೆ. ಒರೆಸಿದರೆ ಹೋಗುತ್ತದೆ ಅಂದುಕೊಳ್ಳಬೇಡಿ. ಬಹಳ ಕಾಯಿಲ್‌ಗಳಲ್ಲಿ ಬೂಟ್ ಬೇರೆಯಾಗಿಯೇ ಸಿಗುತ್ತದೆ, ಪೂರ್ತಿ ಕಾಯಿಲ್ ಕೊಳ್ಳುವ ಮುಂಚೆ ವಿಚಾರಿಸಿ.

ಅದಲು ಬದಲು ಪರೀಕ್ಷೆ. ಗೆರೆ ಕಾಣಲಿಲ್ಲ, ಕಾಯಿಲ್ ಮೇಲೆ ಅನುಮಾನ ಇದೆ ಅಂದರೆ ಎಲ್ಲ ಕಾಯಿಲ್ ಬದಲಿಸುವ ಅಗತ್ಯವಿಲ್ಲ. 2ನೇ ಸಿಲಿಂಡರ್ ಮಿಸ್ ಆಗುತ್ತಿದೆ ಅಂತಿಟ್ಟುಕೊಳ್ಳಿ. ಅದರ ಕಾಯಿಲ್ ತೆಗೆದು 3ಕ್ಕೆ, 3ರದನ್ನು 2ಕ್ಕೆ ಹಾಕಿ, ಕೋಡ್ ಅಳಿಸಿ ಓಡಿಸಿ. ಈಗ ಪಿ0303 ಬಂದರೆ ಕಾಯಿಲ್ ಕೆಟ್ಟಿದೆ. ಪಿ0302 ಹಾಗೇ ಉಳಿದರೆ ಕಾಯಿಲ್ ಸರಿಯಿದೆ. ಆಮೇಲೆ ಇದೇ ರೀತಿ ಪ್ಲಗ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕಾಯಿಲ್, ಪ್ಲಗ್ ಎರಡನ್ನೂ ಒಟ್ಟಿಗೆ ಆಚೆ ಈಚೆ ಮಾಡಿದರೆ ಯಾವುದು ಕಾರಣ ಅಂತ ತಿಳಿಯುವುದೇ ಇಲ್ಲ.

ಡಿಸ್ಟ್ರಿಬ್ಯೂಟರ್‌ನಿಂದ (ಸ್ಪಾರ್ಕ್ ಹಂಚುವ ಭಾಗದಿಂದ) ಪ್ರತಿ ಪ್ಲಗ್‌ಗೂ ಉದ್ದದ ವೈರ್ ಹೋಗುವ ಹಳೆಯ ಕಾರಾದರೆ ಅದರ ಕ್ಯಾಪ್ ತೆಗೆದು ಒಳಗೆ ತೇವ ಇದೆಯಾ, ಕಪ್ಪು ಗೆರೆ ಅಥವಾ ಬಿರುಕು ಇದೆಯಾ ನೋಡಿ. ಆಮೇಲೆ ಕತ್ತಲಲ್ಲಿ ಎಂಜಿನ್ ಓಡಿಸಿ. ಸೋರುವ ವೈರ್ ಇದ್ದರೆ ನೀಲಿ ಕಿಡಿ ಹಾರುವುದು ಕಣ್ಣಿಗೇ ಕಾಣುತ್ತದೆ.

ಎಲ್ಲ ಒಣಗಿಸಿದ ಮೇಲೆ ತೊಂದರೆ ಮಾಯವಾಗಿ, ಕಾರಣ ಗೊತ್ತಾಗದೆ ಉಳಿದರೆ ತುಂತುರು ಪರೀಕ್ಷೆ ಇದೆ. ಎಂಜಿನ್ ಐಡ್ಲಿಂಗ್‌ನಲ್ಲಿರಲಿ. ಕೈ ತಾಗಿಸದೆ, ದೂರದಿಂದ, ಸ್ಪ್ರೇ ಬಾಟಲಿಯಲ್ಲಿ ನೀರನ್ನು ಮಂಜಿನಷ್ಟು ಮಾತ್ರ ಒಂದು ವೈರ್ ಅಥವಾ ಒಂದು ಕಾಯಿಲ್ ಕಡೆಗೆ ಬಿಡಿ. ಎಲ್ಲಿ ಬಿಟ್ಟಾಗ ಎಂಜಿನ್ ತಡವರಿಸುತ್ತದೋ ಸೋರಿಕೆ ಅಲ್ಲಿದೆ. ಪೈಪ್ ಹಿಡಿದು ನೀರು ಹಾಯಿಸಿದರೆ ಇದು ಪರೀಕ್ಷೆ ಅನ್ನಿಸಿಕೊಳ್ಳುವುದಿಲ್ಲ, ಹೊಸ ತೊಂದರೆ ಆಗುತ್ತದೆ.

ವಾಪಸ್ ಜೋಡಿಸುವಾಗ ಬೂಟ್‌ನ ಒಳ ಅಂಚಿಗೆ ತೆಳುವಾಗಿ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ. ಪ್ಲಗ್ ಅನ್ನು ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ, ಆಮೇಲೆ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಟಾರ್ಕ್ ಕೊಡಿ.

## ಹಂತ 4: ಕನೆಕ್ಟರ್, ಸೆನ್ಸರ್, ಅರ್ಥಿಂಗ್

ಕನೆಕ್ಟರ್‌ಗೆ ರಬ್ಬರ್ ಸೀಲ್ ಇದೆಯಲ್ಲ, ಒಳಗೆ ನೀರು ಹೇಗೆ ಹೋಗುತ್ತದೆ? ಬಿಸಿ ಎಂಜಿನ್ ಪಕ್ಕದಲ್ಲಿ ಕನೆಕ್ಟರ್ ಒಳಗಿನ ಗಾಳಿಯೂ ಬಿಸಿಯಾಗಿರುತ್ತದೆ. ತಣ್ಣೀರಿನಲ್ಲಿ ಮುಳುಗಿದ ಕೂಡಲೇ ಆ ಗಾಳಿ ಕುಗ್ಗುತ್ತದೆ, ಸೀಲ್ ಸ್ವಲ್ಪ ಹಳೆಯದಾಗಿದ್ದರೂ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಅಲ್ಲಿಂದ ಹೊರಗೆ ಬರಲು ಅದಕ್ಕೆ ದಾರಿ ಇಲ್ಲ. ಹೊರಗೆ ಪೂರ್ತಿ ಒಣಗಿ ಕಾಣುವ ಕನೆಕ್ಟರ್ ಒಳಗೆ ಒದ್ದೆಯಾಗಿರುವುದು ಇದಕ್ಕೇ. ಬಿಚ್ಚದೆ ನೋಡಿದರೆ ನೋಡಿದಂತಲ್ಲ.

ಇಗ್ನಿಷನ್ ಆಫ್ ಮಾಡಿ, ಬ್ಯಾಟರಿ ನೆಗೆಟಿವ್ ತೆಗೆದು, ತಗ್ಗಿನಿಂದ ಮೇಲಕ್ಕೆ ಬನ್ನಿ. ಕ್ರ್ಯಾಂಕ್ ಸೆನ್ಸರ್ ಹೆಚ್ಚಾಗಿ ಪುಲ್ಲಿ ಅಥವಾ ಫ್ಲೈವೀಲ್ ಹತ್ತಿರ ಕೆಳಗಿರುತ್ತದೆ, ನೀರು ಮೊದಲು ತಾಗುವುದು ಅದಕ್ಕೇ. ಆಮೇಲೆ ಸೈಲೆನ್ಸರ್ ಪೈಪ್‌ನ ಆಕ್ಸಿಜನ್ ಸೆನ್ಸರ್, ಇಂಜೆಕ್ಟರ್, ಕ್ಯಾಮ್ ಸೆನ್ಸರ್, ಕೊನೆಗೆ ಇಸಿಯು ಕನೆಕ್ಟರ್. ಪಿನ್ ಮೇಲೆ ಹಸಿರು ಅಥವಾ ಬಿಳಿ ಪುಡಿ ಇದ್ದರೆ ಕಿಲುಬು ಶುರುವಾಗಿದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಮೆತ್ತನೆ ಬ್ರಷ್ ಆಡಿಸಿ, ಗಾಳಿ ಊದಿ, ಒಣಗಲು ಬಿಡಿ. ಪಿನ್ ತಿಂದುಹೋಗಿದ್ದರೆ ಕ್ಲೀನರ್‌ನಿಂದ ಸರಿಹೋಗುವುದಿಲ್ಲ, ಪಿನ್ ಅಥವಾ ಕನೆಕ್ಟರ್ ಬದಲಿಸಬೇಕು. ದಾಟಿದ್ದು ಉಪ್ಪುನೀರಾದರೆ ಮೊದಲು ಒಳ್ಳೆಯ ನೀರಿನಿಂದ ಉಪ್ಪು ತೆಗೆದು ಆಮೇಲೆ ಒಣಗಿಸಿ. ಉಪ್ಪು ಉಳಿದರೆ ಕಿಲುಬು ನಿಲ್ಲುವುದೇ ಇಲ್ಲ.

ಇಲ್ಲಿ ಮೂರು ತಪ್ಪು ಪದೇ ಪದೇ ಆಗುತ್ತವೆ. ವೈರ್‌ನ ಹೊದಿಕೆಗೆ ಸೂಜಿ ಚುಚ್ಚಿ ವೋಲ್ಟೇಜ್ ನೋಡುತ್ತಾರೆ, ಮುಂದೆ ಆ ತೂತಿನಿಂದಲೇ ನೀರು ಹೋಗುತ್ತದೆ. ಹೀಟ್ ಗನ್ ಹತ್ತಿರ ಹಿಡಿದು ಪ್ಲಾಸ್ಟಿಕ್ ಕರಗಿಸುತ್ತಾರೆ. ಕೆಸರು ತೆಗೆಯಲು ಎಂಜಿನ್ ಮೇಲೆ ಪ್ರೆಷರ್ ವಾಷರ್ ಬಿಡುತ್ತಾರೆ, ಅದರ ಒತ್ತಡಕ್ಕೆ ಒಳ್ಳೆಯ ಸೀಲ್ ಕೂಡ ತಡೆಯುವುದಿಲ್ಲ.

ಪಿ0300 ಬಂದಿದ್ದರೆ ಅರ್ಥಿಂಗ್ ಮರೆಯಬೇಡಿ. ಬ್ಯಾಟರಿ ಮತ್ತೆ ಜೋಡಿಸಿ, ಫ್ಯೂಯಲ್ ಪಂಪ್ ಫ್ಯೂಸ್ ತೆಗೆದು, ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದನ್ನು ಎಂಜಿನ್‌ನ ಬರೀ ಲೋಹಕ್ಕೆ ಒತ್ತಿ ಯಾರನ್ನಾದರೂ ಸೆಲ್ಫ್ ಹೊಡೆಯಲು ಹೇಳಿ. 0.5 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಪಟ್ಟಿ ಬಿಚ್ಚಿ, ಉಜ್ಜಿ, ಬಿಗಿ ಮಾಡಿ. ಫ್ಯೂಸ್ ವಾಪಸ್ ಹಾಕಿ ಎಂಜಿನ್ ಓಡಿಸಿದಾಗ ಬ್ಯಾಟರಿ ಮೇಲೆ ಸುಮಾರು 13.5ರಿಂದ 14.7 ವೋಲ್ಟ್ ಬರಬೇಕು. 12ರ ಹತ್ತಿರವೇ ಉಳಿದರೆ ಆಲ್ಟರ್ನೇಟರ್‌ಗೆ ನೀರು ತಾಗಿದೆ ಅಥವಾ ಬೆಲ್ಟ್ ಜಾರುತ್ತಿದೆ.

## ಹಂತ 5: ಗಾಳಿಯ ದಾರಿ ಮತ್ತು ಸೈಲೆನ್ಸರ್

ಒದ್ದೆಯಾದ ಪೇಪರ್ ಫಿಲ್ಟರ್ ಒಣಗಿಸಿ ಮತ್ತೆ ಹಾಕಬೇಡಿ. ಅದರ ಆಕಾರ ಕೆಟ್ಟಿರುತ್ತದೆ, ಅಂಚಿನಿಂದ ಧೂಳು ನುಗ್ಗುತ್ತದೆ.

ಏರ್‌ಫ್ಲೋ ಸೆನ್ಸರ್ ಒಳಗೆ ಬಿಸಿಯಾಗುವ ಬಹಳ ತೆಳು ತಂತಿ ಅಥವಾ ಪದರ ಇರುತ್ತದೆ. ಕೆಸರು ನೀರು ಅದರ ಮೇಲೆ ಒಣಗಿದರೆ ಗಾಳಿಯ ಲೆಕ್ಕ ತಪ್ಪುತ್ತದೆ, ಎಂಜಿನ್‌ಗೆ ಬೇಕಾದಷ್ಟು ಪೆಟ್ರೋಲ್ ಬರುವುದಿಲ್ಲ. ಅದಕ್ಕಾಗಿಯೇ ಇರುವ ಕ್ಲೀನರ್ ದೂರದಿಂದ ಹೊಡೆದು ಒಣಗಲು ಬಿಡಿ. ಬೆರಳು, ಬಟ್ಟೆ, ಬ್ರಷ್ ಯಾವುದೂ ತಾಗಬಾರದು.

ಈ ಹಂತ ಮುಗಿಸಿದ ಮೇಲೆ ಹೊಸದಾಗಿ ಪಿ0171 ಕೋಡ್ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಅನ್ನುವ ಕೋಡ್) ಬಂದರೆ ನೀವೇ ಬಿಚ್ಚಿ ಹಾಕಿದ ಪೈಪ್ ಕ್ಲಿಪ್‌ಗಳನ್ನು ಮೊದಲು ನೋಡಿ. ಸೆನ್ಸರ್ ದಾಟಿದ ಮೇಲೆ ಗಾಳಿ ಒಳಗೆ ಸೋರುತ್ತಿದ್ದರೂ ಅದೇ ಕೋಡ್.

ನೀರು ಸೈಲೆನ್ಸರ್ ತುದಿ ಮುಳುಗುವಷ್ಟಿದ್ದು ಎಂಜಿನ್ ನಿಂತಿದ್ದರೆ ಆ ಕಡೆಯಿಂದಲೂ ನೀರು ಹೋಗಿರುತ್ತದೆ. ಕಾದ ಕ್ಯಾಟಲಿಟಿಕ್ ಕನ್ವರ್ಟರ್ ಮೇಲೆ ತಣ್ಣೀರು ಬಿದ್ದರೆ ಒಳಗಿನ ಸೆರಾಮಿಕ್ ಒಡೆಯಬಹುದು. ಅದನ್ನು ಕೈಯಿಂದ ಮೆತ್ತಗೆ ತಟ್ಟಿದಾಗ ಗಲಗಲ ಸದ್ದು ಬಂದರೆ, ಜೊತೆಗೆ ಪಿಕಪ್ ಸತ್ತುಹೋಗಿದ್ದರೆ ಒಡೆದ ಚೂರು ದಾರಿಗೆ ಅಡ್ಡ ಬಂದಿದೆ. ತಟ್ಟುವ ಮುಂಚೆ ಪೂರ್ತಿ ಆರಿದೆಯಾ ನೋಡಿಕೊಳ್ಳಿ.

## ಹಂತ 6: ಇಂಧನದಲ್ಲಿ ನೀರು

ಟ್ಯಾಂಕ್ ಸರಿಯಾಗಿ ಮುಚ್ಚಿದ್ದರೆ ಒಂದು ಸಲ ನೀರು ದಾಟಿದ್ದಕ್ಕೆ ಇದು ಅಪರೂಪ. ಕಾರು ಬಹಳ ಹೊತ್ತು ಮುಳುಗಿ ನಿಂತಿದ್ದರೆ, ಮುಚ್ಚಳ ಅಥವಾ ಉಸಿರಾಟದ ಪೈಪ್ ಹಾಳಾಗಿದ್ದರೆ ಅನುಮಾನ ಪಡಬೇಕು. ಎಲ್ಲ ಸಿಲಿಂಡರ್‌ಗಳೂ ಮಿಸ್ ಆಗುತ್ತವೆ, ಆಕ್ಸಿಲರೇಟರ್ ಒತ್ತಿದಾಗ ಜರ್ಕ್ ಹೊಡೆಯುತ್ತದೆ.

ಸ್ವಲ್ಪ ಪೆಟ್ರೋಲ್ ಪಾರದರ್ಶಕ ಬಾಟಲಿಗೆ ತೆಗೆದು ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ನೀರು ಭಾರ, ತಳಕ್ಕೆ ಇಳಿದು ಗೆರೆ ಕಾಣುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಸ್ವಲ್ಪ ನೀರನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಅದು ಮೀರಿದಾಗ ನೀರು ಎಥನಾಲ್ ಜೊತೆ ಸೇರಿ ತಳಕ್ಕೆ ಬರುತ್ತದೆ. ಎರಡು ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿ ತೊಳೆಯುವುದೇ ದಾರಿ, ಮೇಲೆ ಹೊಸ ಪೆಟ್ರೋಲ್ ತುಂಬಿಸಿದರೆ ಸರಿಹೋಗುವುದಿಲ್ಲ. ಈ ಕೆಲಸ ಬಯಲಿನಲ್ಲಿ, ಬೆಂಕಿ ಕಿಡಿಯಿಂದ ದೂರ ಆಗಬೇಕು.

ಡೀಸೆಲ್ ಕಾರಿನಲ್ಲಿ ಫ್ಯೂಯಲ್ ಫಿಲ್ಟರ್ ಕೆಳಗೆ ನೀರು ಬಸಿಯುವ ತಿರುಪು ಸಾಮಾನ್ಯವಾಗಿ ಇರುತ್ತದೆ. ಅದನ್ನು ಸಡಿಲಿಸಿ ಬಸಿದು ನೋಡಿ. ನೀರಿನ ಲೈಟ್ ಉರಿಯುತ್ತಿದ್ದರೆ ಓಡಿಸಲೇಬೇಡಿ. ಅಧಿಕ ಒತ್ತಡದ ಪಂಪ್ ಮತ್ತು ಇಂಜೆಕ್ಟರ್‌ಗೆ ಜಾರುಗುಣ ಸಿಗುವುದು ಡೀಸೆಲ್‌ನಿಂದಲೇ. ನೀರು ಬಂದರೆ ಅವು ತಿಕ್ಕಿಕೊಂಡು ಹಾಳಾಗುತ್ತವೆ.

## ಹಂತ 7: ಕಂಪ್ರೆಷನ್, ಬಾಗಿದ ರಾಡ್

ಸ್ಪಾರ್ಕ್ ಇದೆ, ಇಂಧನ ಇದೆ, ಆದರೂ ಒಂದೇ ಸಿಲಿಂಡರ್ ಮಿಸ್ ಆಗುತ್ತಿದೆ. ಈಗ ಗೇಜ್ ತೆಗೆಯಿರಿ.

ಎಲ್ಲ ಪ್ಲಗ್ ಹೊರಗೆ. ಫ್ಯೂಯಲ್ ಪಂಪ್ ಫ್ಯೂಸ್ ಹೊರಗೆ, ಕಾಯಿಲ್ ಕನೆಕ್ಟರ್ ಬಿಚ್ಚಿರಲಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಪ್ರತಿ ಸಿಲಿಂಡರ್‌ಗೂ ಒಂದೇ ಸಮ ಸೆಲ್ಫ್ ಹೊಡೆದು ಅಳತೆ ಬರೆದುಕೊಳ್ಳಿ. ಪೆಟ್ರೋಲ್ ಎಂಜಿನ್‌ಗಳಲ್ಲಿ 10ರಿಂದ 14 ಬಾರ್ ಒಳಗೆ ಬರುವುದು ಸಾಮಾನ್ಯ. ನಿಮ್ಮ ಎಂಜಿನ್‌ನ ಸರಿಯಾದ ಅಂಕಿ ಮ್ಯಾನ್ಯುಯಲ್‌ನಲ್ಲಿರುತ್ತದೆ. ಅಂಕಿಗಿಂತ ಮುಖ್ಯವಾದದ್ದು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇಕಡಾ 15ಕ್ಕೂ ಜಾಸ್ತಿ ಕಡಿಮೆ ಇದ್ದರೆ ಅಲ್ಲಿ ಏನೋ ಆಗಿದೆ.

ಆ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಳತೆ ಚೆನ್ನಾಗಿ ಏರಿದರೆ ಪಿಸ್ಟನ್ ರಿಂಗ್ ಕಡೆ ಸೋರುತ್ತಿದೆ. ಹೆಚ್ಚೇನೂ ಏರದಿದ್ದರೆ ವಾಲ್ವ್, ಹೆಡ್ ಗ್ಯಾಸ್ಕೆಟ್ ಅಥವಾ ಬಾಗಿದ ರಾಡ್.

ರಾಡ್ ಬಾಗಿದೆಯಾ ಅಂತ ಹೆಡ್ ಬಿಚ್ಚದೆ ತಿಳಿಯಲು ಒಂದು ದಾರಿ ಇದೆ. ಬಾಗಿದ ರಾಡ್ ಗಿಡ್ಡವಾಗಿರುತ್ತದೆ, ಆ ಪಿಸ್ಟನ್ ಉಳಿದವುಗಳಷ್ಟು ಮೇಲೆ ಬರುವುದಿಲ್ಲ. ಉದ್ದವಾದ, ತುಂಡಾಗದ ಪ್ಲಾಸ್ಟಿಕ್ ಕಡ್ಡಿಯನ್ನು ಪ್ಲಗ್ ರಂಧ್ರದಲ್ಲಿ ನೇರವಾಗಿ ಇಳಿಸಿ ಹಿಡಿದುಕೊಂಡು, ಸ್ಪ್ಯಾನರ್‌ನಿಂದ ಕೈಯಲ್ಲೇ ಎಂಜಿನ್ ತಿರುಗಿಸಿ. ಕಡ್ಡಿ ಅತಿ ಮೇಲೆ ಬಂದಾಗ ಗುರುತು ಹಾಕಿ. ಎಲ್ಲ ಸಿಲಿಂಡರ್‌ಗೂ ಒಂದೇ ಕೋನದಲ್ಲಿ ಇದೇ ಕಡ್ಡಿ ಇಳಿಸಿ. ಒಂದರ ಗುರುತು ಮಾತ್ರ ಬೇರೆಯಾಗಿದ್ದರೆ ನಿಮಗೆ ಉತ್ತರ ಸಿಕ್ಕಿತು. ಒಂದೆರಡು ಮಿಲಿಮೀಟರ್ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಎರಡು ಸಲ ಅಳೆಯಿರಿ. ಈ ಕೆಲಸಕ್ಕೆ ಸೆಲ್ಫ್ ಬಳಸಲೇಬಾರದು, ಕಡ್ಡಿ ಮುರಿದು ಒಳಗೆ ಬೀಳುತ್ತದೆ.

ರಾಡ್ ಬಾಗಿದ್ದರೆ ಎಂಜಿನ್ ಬಿಚ್ಚಲೇಬೇಕು. "ಓಡುತ್ತಿದೆಯಲ್ಲ, ನೋಡೋಣ" ಅಂತ ಮುಂದೂಡಬೇಡಿ. ಬಾಗಿದ ರಾಡ್ ಪ್ರತಿ ಸುತ್ತಿಗೂ ಬಾಗಿದ ಜಾಗದಲ್ಲೇ ಮಣಿಯುತ್ತಾ ಒಂದು ದಿನ ತುಂಡಾಗುತ್ತದೆ, ತುಂಡಾದಾಗ ಬ್ಲಾಕ್ ಒಡೆದು ಹೊರಗೆ ಬರಬಹುದು. ಈಗ ಒಂದು ರಾಡ್, ಒಂದು ಪಿಸ್ಟನ್, ಬೇರಿಂಗ್‌ನಲ್ಲಿ ಮುಗಿಯುವುದು ಆಗ ಪೂರ್ತಿ ಎಂಜಿನ್ ಆಗುತ್ತದೆ.

## ಹಂತ 8: ಕೋಡ್ ಅಳಿಸಿ ಓಡಿಸಿ ನೋಡುವುದು

ಎಲ್ಲ ಜೋಡಿಸಿದ ಮೇಲೆ ಕೋಡ್ ಅಳಿಸಿ, ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಐಡ್ಲಿಂಗ್‌ನಲ್ಲಿ ಬಿಡಿ. ಆಮೇಲೆ ನಿಧಾನವಾಗಿ, ಆಮೇಲೆ ಏರು ರಸ್ತೆಯಲ್ಲಿ ದೊಡ್ಡ ಗೇರಿನಲ್ಲಿ ಓಡಿಸಿ. ಸ್ಪಾರ್ಕ್ ಸೋರಿಕೆ ಇನ್ನೂ ಇದ್ದರೆ ಎಂಜಿನ್ ಮೇಲೆ ಭಾರ ಬಿದ್ದಾಗಲೇ ತೋರಿಸಿಕೊಳ್ಳುತ್ತದೆ, ಐಡ್ಲಿಂಗ್ ಚೆನ್ನಾಗಿದೆ ಅಂತ ಅಲ್ಲಿಗೇ ಮುಗಿಸಬೇಡಿ. ಮರುದಿನ ಬೆಳಗ್ಗೆ ತಣ್ಣಗಿನ ಎಂಜಿನ್‌ನಲ್ಲಿ ಇನ್ನೊಮ್ಮೆ ನೋಡಿ, ಸ್ಕ್ಯಾನರ್ ಹಾಕಿ ಪೆಂಡಿಂಗ್ ಕೋಡ್ (ಲೈಟ್ ಇನ್ನೂ ಹತ್ತಿರದ, ಖಚಿತವಾಗದ ದೋಷದ ಕೋಡ್) ಇದೆಯಾ ಪರೀಕ್ಷಿಸಿ.

ಮುಂದಿನ ಕೆಲವು ವಾರ ಮೂರು ವಿಷಯ ಗಮನದಲ್ಲಿರಲಿ. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ಆಯಿಲ್‌ನ ಬಣ್ಣ. ಎಂಜಿನ್ ತಿರುಗುವ ವೇಗಕ್ಕೆ ತಕ್ಕಂತೆ ಬರುವ ಟಕಟಕ ಸದ್ದು. ತಿಂಗಳ ಕೊನೆಗೆ, ತಗ್ಗಿನಲ್ಲಿರುವ ಕನೆಕ್ಟರ್‌ಗಳನ್ನು ಇನ್ನೊಮ್ಮೆ ಬಿಚ್ಚಿ ನೋಡುವುದು. ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಕೂಡ ಬಿಸಿಯಿದ್ದಾಗ ಮುಳುಗಿದರೆ ಉಸಿರಾಟದ ರಂಧ್ರದಿಂದ ನೀರು ಎಳೆದುಕೊಳ್ಳುತ್ತವೆ. ಮಿಸ್ಸಿಂಗ್‌ಗೂ ಅವಕ್ಕೂ ಸಂಬಂಧವಿಲ್ಲ, ಆದರೂ ಕಾರು ಹೇಗಿದ್ದರೂ ಎತ್ತಿರುತ್ತೀರಿ. ಅವುಗಳ ಆಯಿಲ್ ಕೂಡ ಅವತ್ತೇ ನೋಡಿಬಿಡಿ.